ಪಂಪಿಗೆ ಎಷ್ಟು ಮುಚ್ಚಳ?

ಗೊಬ್ಬರದ ಅಂಗಡಿಯಲ್ಲಿ ಕೀಟನಾಶಕ ಕೊಳ್ಳುವವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಪಂಪಿಗೆ ಎಷ್ಟು ಮುಚ್ಚಳ? ಬೆನ್ನಿಗೆ ಹೊತ್ತು ಔಷಧ ಹೊಡೆಯುವ ಪಂಪಿಗೆ ಡಬ್ಬಿಯ ಮುಚ್ಚಳವೇ ಅಳತೆ. ಅಂಗಡಿಯವರು ಒಂದೂವರೆ, ಎರಡು ಅಂತಾರೆ. ಅಲ್ಲಿಗೆ ಮುಗೀತು. ಡಬ್ಬಿಯ ಜೊತೆ ಬಂದ ಚೀಟಿಯನ್ನು ಯಾರೂ ಬಿಡಿಸುವುದಿಲ್ಲ.

ರೈತರು ಓದಲ್ಲ ಅಂತ ಬೈಯುವವರು ಆ ಚೀಟಿ ಬಿಡಿಸಿ ನೋಡಲಿ. ಮೂರ್ನಾಲ್ಕು ಭಾಷೆ, ಇರುವೆ ಸಾಲಿನಂಥ ಅಕ್ಷರ. ಪ್ರಮಾಣ ಹೆಕ್ಟೇರ್ ಲೆಕ್ಕದಲ್ಲಿ. ನಮ್ಮವರದ್ದು ಎಕರೆ, ಗುಂಟೆ. ಹೆಕ್ಟೇರಿಗೆ 500 ಮಿಲಿ ಔಷಧ, 500 ಲೀಟರ್ ನೀರು ಅಂತಿದೆ ಅಂದುಕೊಳ್ಳಿ. 16 ಲೀಟರಿನ ಪಂಪಿಗೆ 16 ಮಿಲಿ ಆಯಿತು. ಎಕರೆಗೆ ಹನ್ನೆರಡು-ಹದಿಮೂರು ಪಂಪು. ಈ ಲೆಕ್ಕವನ್ನು ಹೊಲದ ಬದುವಿನಲ್ಲಿ ನಿಂತವರು ಯಾಕೆ ಮಾಡಬೇಕು? ಕಂಪನಿಯವರೇ ಮಾಡಿ, ಒಂದು ಪಂಪು, ಒಂದು ಮುಚ್ಚಳದ ಚಿತ್ರ ಬರೆದು, ಮುಚ್ಚಳದಲ್ಲಿ ಎಲ್ಲಿವರೆಗೆ ಅಂತ ಗೆರೆ ಎಳೆದರೆ ಸಾಕು. ಕೆಳಗೆ ಒಂದೇ ಸಾಲು: ‘ಒಂದು ಪಂಪಿಗೆ ಇಷ್ಟೇ’.

ಚಿತ್ರ ಈಗಲೂ ಇದೆಯಲ್ಲ ಅಂತೀರಾ? ಇದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಓರೆಯಾಗಿ ನಿಲ್ಲಿಸಿದ ಚೌಕ ಇರಬೇಕು. ಅದರ ಕೆಳಗಿನ ಅರ್ಧ ಕೆಂಪಿದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ಕೀಟನಾಶಕವೇ, ವಿಷದ ತೀವ್ರತೆ ಕಡಿಮೆ ಅಷ್ಟೇ. ಆದರೆ ಸಿಗ್ನಲ್‌ನಲ್ಲಿ ಹಸಿರು ಕಂಡರೆ ಹೋಗು ಅಂತ ಕಲಿತ ಕಣ್ಣಿಗೆ ಅದು ಏನು ಹೇಳುತ್ತದೆ? ನಾಲ್ಕಕ್ಕೂ ಒಂದೇ ಆಕಾರ ಬೇರೆ. ಕೆಂಪು-ಹಸಿರು ಗುರುತಿಸಲಾಗದವರ ಗತಿ? ತಿಂಡಿ ಪೊಟ್ಟಣದ ಮೇಲಿನ ಮಾಂಸಾಹಾರದ ಗುರುತನ್ನು ಇವರಿಗಾಗಿಯೇ ದುಂಡು ಚುಕ್ಕಿಯಿಂದ ತ್ರಿಕೋನಕ್ಕೆ ಬದಲಾಯಿಸಿದರು. ವಿಷದ ಡಬ್ಬಿಗೆ ಆ ಕಾಳಜಿ ಇನ್ನೂ ಬಂದಿಲ್ಲ.

ಎಚ್ಚರಿಕೆ ಚಿತ್ರಗಳಿಗೆ ಅಮೆರಿಕದ ಮಾನದಂಡ ಸಂಸ್ಥೆ ಎಎನ್‌ಎಸ್‌ಐನ ನಿಯಮದಲ್ಲಿ ಒಂದು ಪರೀಕ್ಷೆ ಇದೆ. ನೋಡಿದ 100 ಜನರಲ್ಲಿ 85 ಮಂದಿಗಾದರೂ ಸರಿಯಾಗಿ ಅರ್ಥವಾಗಬೇಕು. ಉಲ್ಟಾ ಅರ್ಥ ಮಾಡಿಕೊಂಡವರು 5 ದಾಟಬಾರದು. ನನಗೆ ಹಿಡಿಸಿದ್ದು ಈ ಎರಡನೆಯ ಷರತ್ತು. ಅರ್ಥವಾಗದವರು ಇನ್ನೊಬ್ಬರನ್ನು ಕೇಳುತ್ತಾರೆ. ಉಲ್ಟಾ ತಿಳಿದವರು ಕೇಳುವುದೇ ಇಲ್ಲ, ಧೈರ್ಯವಾಗಿ ಹೊಡೆಯುತ್ತಾರೆ. ಅದಕ್ಕೇ ಬರೆದ ಚಿತ್ರವನ್ನು ಪಂಪು ಹೊರುವವರ ಮುಂದಿಟ್ಟು ‘ಇದರಲ್ಲಿ ಏನು ಹೇಳಿದೆ?’ ಅಂತ ಕೇಳಬೇಕು. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ಹೂಂ ಅಂತಾರೆ!

ಇನ್ನು ಚೀಟಿಗಳಲ್ಲಿ ಕಾಣುವ ಆ ಮೈತುಂಬ ಸೂಟು ತೊಟ್ಟ, ಬೂಟು ಹಾಕಿದ ಮನುಷ್ಯನ ಚಿತ್ರ. ಬಿಸಿಲಲ್ಲಿ ಲುಂಗಿ ಎತ್ತಿ ಕಟ್ಟಿ ಔಷಧ ಹೊಡೆಯುವವನಿಗೆ ಅದು ಯಾರೋ ಬೇರೆಯವರ ಫೋಟೊ. ತುಂಬುತೋಳಿನ ಹಳೇ ಅಂಗಿ, ಪ್ಯಾಂಟು, ಕೈಗವಸು, ಮುಖಗವಸು, ಗಾಳಿಗೆ ಬೆನ್ನು ಮಾಡಿ ನಿಂತ ಮನುಷ್ಯ. ಇಷ್ಟನ್ನು ಬರೆದರೆ ‘ಇದು ನಾನೇ’ ಅನ್ನಿಸುತ್ತದೆ.

ಎಲ್ಲಕ್ಕಿಂತ ನನ್ನ ದೊಡ್ಡ ತಕರಾರು ಬೇರೆ. ಈ ಚೀಟಿ, ಚೌಕ ಎಲ್ಲ ಹೊಡೆಯುವವರಿಗೆ. ಮರುದಿನ ಅದೇ ಹೊಲಕ್ಕೆ ಕಳೆ ತೆಗೆಯಲು ಇಳಿಯುವ ಹೆಂಗಸರು ಡಬ್ಬಿಯನ್ನೇ ನೋಡಿರುವುದಿಲ್ಲ. ಅಮೆರಿಕದಲ್ಲಿ ಹಲವು ಔಷಧಗಳನ್ನು ಹೊಡೆದಾಗ ಹೊಲದ ಅಂಚಿಗೆ ಒಂದು ಫಲಕ ನೆಡುತ್ತಾರೆ. ಬಿಗಿದ ಮುಖದವನೊಬ್ಬ ಅಂಗೈ ಎತ್ತಿ ತಡೆಯುವ ಚಿತ್ರ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ‘ಒಳಗೆ ಬರಬೇಡಿ’. ನಮ್ಮಲ್ಲೂ ದೊಡ್ಡ ಡಬ್ಬಿಯ ಜೊತೆ ಅಂಥದ್ದೊಂದು ರಟ್ಟಿನ ಫಲಕ ಕೊಡಲಿ. ‘ಔಷಧ ಹೊಡೆದಿದೆ, ಹೊಲಕ್ಕೆ ಇಳಿಯಬೇಡಿ’ ಅಂತ ದಪ್ಪ ಅಕ್ಷರ, ಎಲ್ಲಿಯವರೆಗೆ ಅಂತ ಬರೆಯಲು ಖಾಲಿ ಜಾಗ, ತಡೆಯುವ ಕೈ. ಆ ಕೈಗೆ ಬಳೆ ಇದ್ದರೆ ಇನ್ನೂ ಒಳ್ಳೆಯದು.