ಸತ್ಯಾಂಶ: ಲೋಹದ ಬ್ಯಾಟ್ ಹೋಮ್ ರನ್ ಯಂತ್ರವೇ?

"ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಹೋಮ್ ರನ್ ಜಾಸ್ತಿ ಬರಲಿ ಅಂತಲೇ ಲೋಹದ ಬ್ಯಾಟ್ ಕೊಡುತ್ತಾರೆ, ಮರದ್ದು ಅದರ ಮುಂದೆ ಏನೂ ಅಲ್ಲ" ಅನ್ನುವ ಫಾರ್ವರ್ಡ್ ಓಡಾಡುತ್ತಿದೆ. (ಹೋಮ್ ರನ್ ಅಂದರೆ ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಹೊಡೆಯುವುದು, ನಮ್ಮ ಕ್ರಿಕೆಟ್‌ನ ಸಿಕ್ಸರ್ ತರಹ.) ಅರ್ಧ ಹಳೇ ಕಥೆ, ಅರ್ಧ ತಪ್ಪು.

1974ರಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಅಲ್ಯೂಮಿನಿಯಂ ಬ್ಯಾಟ್‌ಗೆ ಒಪ್ಪಿದ್ದರ ಹಿಂದೆ ಇದ್ದದ್ದು ದುಡ್ಡಿನ ಲೆಕ್ಕ. ಮರದ ಬ್ಯಾಟ್ ಮುರಿಯುತ್ತಲೇ ಇರುತ್ತದೆ, ಕಾಲೇಜುಗಳು ಎಷ್ಟು ಅಂತ ಕೊಳ್ಳಬೇಕು? ಟೊಳ್ಳು ಲೋಹ ಚೆಂಡು ಬಡಿದಾಗ ಸ್ವಲ್ಪ ಒಳಗೆ ತಗ್ಗಿ ವಾಪಸ್ ಪುಟಿಯುತ್ತದೆ, ಅದರಿಂದ ಚೆಂಡಿನ ವೇಗ ಹೆಚ್ಚುತ್ತಿತ್ತು, ಅದು ನಿಜವೇ. 1998ರ ಕಾಲೇಜು ವರ್ಲ್ಡ್ ಸೀರೀಸ್ (ಕಾಲೇಜು ಬೇಸ್‌ಬಾಲ್‌ನ ರಾಷ್ಟ್ರೀಯ ಟೂರ್ನಿ) ಫೈನಲ್ ಸ್ಕೋರ್ 21-14, ಬೇಸ್‌ಬಾಲ್‌ಗೆ ಇದು ವಿಪರೀತ ಜಾಸ್ತಿ! ಆದರೆ 2011ರಿಂದ ಬ್ಯಾಟ್‌ನಿಂದ ಚೆಂಡು ಎಷ್ಟು ಪುಟಿಯುತ್ತದೆ ಅಂತ ಅಳೆಯುವ ಬಿಬಿಕೋರ್ ನಿಯಮ ಬಂತು. ಆ ಪುಟಿತಕ್ಕೆ 0.50 ಮಿತಿ, ಅಂದರೆ ಹೆಚ್ಚೂಕಡಿಮೆ ಮರದಷ್ಟೇ. ಆ ವರ್ಷವೇ ಹೋಮ್ ರನ್‌ಗಳು ಧಡಕ್ಕನೆ ಇಳಿದವು. ಈಗ ಲೋಹಕ್ಕೆ ಉಳಿದಿರುವ ಲಾಭ ಬೇರೆ: ಚೆಂಡು ಸರಿಯಾದ ಜಾಗಕ್ಕೆ ತಾಗದಿದ್ದರೂ ಹೊಡೆತ ಪೂರ್ತಿ ಹಾಳಾಗುವುದಿಲ್ಲ, ಬ್ಯಾಟ್ ಮುರಿಯುವುದೂ ಅಪರೂಪ.