ಏರ್ ಶೋ ಹೋಗುತ್ತೆ ಅಂದಾಗ ಮಾತ್ರ ನಮಗೆ ಏರ್‌ಫೋರ್ಸ್ ನೆನಪಾಗೋದು

2025ರ ಮೇನಲ್ಲಿ ಚಂದ್ರಬಾಬು ನಾಯ್ಡು ಅವರು ಎಚ್‌ಎಎಲ್‌ನ ಯುದ್ಧವಿಮಾನದ ಕೆಲಸಕ್ಕೆ ಲೇಪಾಕ್ಷಿ-ಮಡಕಶಿರಾ ಕಡೆ 10,000 ಎಕರೆ ಕೊಡ್ತೀವಿ ಅಂದ್ರಂತೆ ಅಂತ ಸುದ್ದಿ ಬಂತಲ್ಲ, ಆಗ ನಮ್ಮ ಫೀಡ್ ತುಂಬಾ ಬೆಂಕಿ. ಎಂ.ಬಿ. ಪಾಟೀಲರು ಹೇಳಿಕೆ ಕೊಟ್ರು, ಡಿಕೆಶಿ ಹೇಳಿಕೆ ಕೊಟ್ರು, ಪಕ್ಷಭೇದ ಇಲ್ದೆ ಎಲ್ರೂ ಒಂದಿನ ಕನ್ನಡಿಗರಾದ್ರು. ಅದಕ್ಕೂ ಮುಂಚೆ 2018ರಲ್ಲೂ ಇದೇ ಕಥೆ. ಬೆಂಗಳೂರಿನ ಏರ್ ಶೋ ಏರೋ ಇಂಡಿಯಾ ಲಕ್ನೋಗೆ ಹೋಗುತ್ತಂತೆ ಅಂತ ಸುದ್ದಿ ಹಬ್ಬಿ, ಕುಮಾರಸ್ವಾಮಿ ಸರ್ಕಾರ ಪತ್ರ ಬರೆದು, ಒಂದು ತಿಂಗಳು ರಗಳೆ ಆಗಿ, ಸೆಪ್ಟೆಂಬರ್‌ನಲ್ಲಿ ಕೇಂದ್ರದವರು ಇಲ್ಲ ಇಲ್ಲ ಬೆಂಗಳೂರಲ್ಲೇ ಅಂದ ಮೇಲೆ ಎಲ್ಲಾ ತಣ್ಣಗಾಯ್ತು.

ತಣ್ಣಗಾದ ಮೇಲೆ ಏನಾಯ್ತು? ಏನೂ ಇಲ್ಲ. ಅದೇ ನನ್ನ ತಕರಾರು.

(ಎಚ್‌ಎಎಲ್ ಬೇರೆ, ಏರ್‌ಫೋರ್ಸ್ ಸ್ಟೇಷನ್ ಬೇರೆ ಗುರೂ ಅಂತ ಕಾಮೆಂಟಲ್ಲಿ ಪಾಠ ಮಾಡ್ಬೇಡಿ, ಗೊತ್ತು. ಆದ್ರೆ ರಾಜ್ಯ ಸರ್ಕಾರ ಎರಡನ್ನೂ ನೋಡೋ ರೀತಿ ಒಂದೇ, ಅದಕ್ಕೆ ಒಟ್ಟಿಗೆ ಬರೀತಿದೀನಿ.)

ನಾನಿರೋದು ಯಲಹಂಕದ ಕಡೆ. ಅಲ್ಲಿನ ಏರ್‌ಫೋರ್ಸ್ ಸ್ಟೇಷನ್ 1963ರದ್ದು, ಟ್ರಾನ್ಸ್‌ಪೋರ್ಟ್ ವಿಮಾನ ಓಡಿಸೋ ಪೈಲಟ್‌ಗಳಿಗೆ ತರಬೇತಿ ಕೊಡೋ ಜಾಗ. 1996ರಿಂದ ಎರಡು ವರ್ಷಕ್ಕೊಂದು ಸಲ ಏರೋ ಇಂಡಿಯಾ ಅಲ್ಲೇ. ಶೋ ಬಂತು ಅಂದ್ರೆ ನಮ್ಮ ಏರಿಯಾದಲ್ಲಿ ಮೊದ್ಲು ಗೊತ್ತಾಗೋದು ವಿಮಾನದ ಸೌಂಡಿಂದ ಅಲ್ಲ, ಕೋಳಿ ಅಂಗಡಿಯಿಂದ. ಶಟರ್ ಡೌನ್! 2023ರಲ್ಲಿ ಸ್ಟೇಷನ್‌ನಿಂದ 10 ಕಿಲೋಮೀಟರ್ ಸುತ್ತ ಮಾಂಸದ ಅಂಗಡಿ, ನಾನ್‌ವೆಜ್ ಹೋಟೆಲ್ ಎಲ್ಲಾ ಬಂದ್ ಅಂತ ಬಿಬಿಎಂಪಿ ಆರ್ಡರ್ ಮಾಡ್ತು, 2025ರಲ್ಲಿ ಅದು 13 ಕಿಲೋಮೀಟರ್ ಆಯ್ತು, ಜನವರಿ 23ರಿಂದ ಫೆಬ್ರವರಿ 17ರವರೆಗೆ. ಶೋ ಇದ್ದಿದ್ದು ಫೆಬ್ರವರಿ 10ರಿಂದ 14, ಐದೇ ದಿನ. ಕಾರಣ ಸರಿಯಾದದ್ದೇ, ಅದ್ರಲ್ಲಿ ಎರಡು ಮಾತಿಲ್ಲ. ಕೋಳಿ ಕರುಳು, ರೆಕ್ಕೆಪುಕ್ಕ ಖಾಲಿ ಸೈಟಲ್ಲೋ ಕೆರೆ ಏರಿ ಮೇಲೋ ಬಿದ್ದಿದ್ರೆ ಹದ್ದುಗಳು ಬರ್ತಾವೆ, ಹದ್ದು ಗಾಳಿ ಹಿಡ್ಕೊಂಡು ಸುತ್ತು ಹೊಡೀತಾ ಮೇಲೇರುತ್ತೆ, ಟೇಕಾಫ್ ಆಗೋ ವಿಮಾನ ಇನ್ನೂ ಕೆಳಗಡೆ ಇರೋವಾಗ್ಲೇ ಎದುರಾಗುತ್ತೆ, ಇಂಜಿನ್ ಒಳಗೆ ಒಂದು ಹದ್ದು ಹೋದ್ರೆ ಸಾಕು.

ಆದ್ರೆ ಆ ಆರ್ಡರಲ್ಲಿ ಯಾವ ಕಾನೂನು ಬರೆದಿರ್ತಾರೆ ನೋಡಿ. 1937ರ ಏರ್‌ಕ್ರಾಫ್ಟ್ ರೂಲ್ಸ್, 91ನೇ ನಿಯಮ. ವಿಮಾನ ಇಳಿಯೋ ಜಾಗದ 10 ಕಿಲೋಮೀಟರ್ ಸುತ್ತ ಹದ್ದು-ಕಾಗೆ ಬರೋ ಥರ ಪ್ರಾಣಿ ಕಡಿಯೋದು, ಕಸ ಸುರಿಯೋದು ಮಾಡಂಗಿಲ್ಲ ಅಂತ ಅದ್ರ ಸಾರಾಂಶ. ಅದು ಏರ್ ಶೋಗೆ ಮಾಡಿದ ನಿಯಮ ಅಲ್ಲ ಸ್ವಾಮಿ, ವರ್ಷದ 365 ದಿನಾನೂ ಇರೋದು! ಫೆಬ್ರವರಿ 17 ಆದ್ಮೇಲೂ ಅಲ್ಲಿ ಹುಡುಗರು ಟ್ರೈನಿಂಗ್‌ಗೆ ವಿಮಾನ ಹಾರಿಸ್ತಾನೇ ಇರ್ತಾರಲ್ವಾ? ಅವರ ಇಂಜಿನ್‌ಗೆ ಹದ್ದು ಬಡಿಯಲ್ವಾ? ವಿದೇಶದಿಂದ ಎಫ್-35, ಸು-57 ಬಂದಾಗ ಮಾತ್ರ ಹಕ್ಕಿ ಡೇಂಜರ್ರು, ನಮ್ಮ ಹುಡುಗ ಹಾರಿಸುವಾಗ ಪರವಾಗಿಲ್ಲ ಅನ್ನೋ ಲೆಕ್ಕ ಇದು. ಶೋ ಮುಗಿದು ಬ್ಯಾರಿಕೇಡ್ ಎತ್ತಿದ್ರೆ ಆಯ್ತು, ಬೆಳಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗೋರಿಗೆ ಕರೀ ಕವರ್‌ಗಳು ಮತ್ತೆ ಕಾಣಿಸ್ಕೊಳ್ಳುತ್ವೆ, ಬಾಯಿ ಕಟ್ಟಿರೋ ಕವರು, ಒಂದು ಮೂಲೆ ನಾಯಿ ಹರಿದಿರುತ್ತೆ, ಮೇಲೆ ನೋಡಿದ್ರೆ ಹದ್ದು ಹಾಜರು.

ನಮ್ಮ ರೋಡಿನ ಚಿಕನ್ ಅಂಗಡಿ ಭಾಯ್ ಹತ್ರ ಇದೇ ಮಾತು ಬಂದಿತ್ತು. "ಬಂದ್ ಮಾಡು ಅಂದ್ರೆ ಮಾಡ್ತೀನಿ ಸಾರ್, ದೇಶದ ಕೆಲಸ ಬೇಡ ಅನ್ನಕ್ಕಾಗುತ್ತಾ. ಆದ್ರೆ ಅಂಗಡಿ ಬಾಡಿಗೆ ಏರ್‌ಫೋರ್ಸ್‌ನೋರು ಕಟ್ತಾರಾ, ಕಾರ್ಪೊರೇಷನ್‌ನೋರು ಕಟ್ತಾರಾ ಹೇಳಿ. ವೇಸ್ಟ್ ತಗೊಂಡು ಹೋಗೋ ಗಾಡಿ ದಿನಾ ಟೈಮಿಗೆ ಬಂದ್ರೆ ನಾನ್ಯಾಕೆ ಸಾರ್ ಇನ್ನೊಬ್ಬನ ಕೈಗೆ ದುಡ್ಡು ಕೊಟ್ಟು ಎಲ್ಲಾದ್ರೂ ಹಾಕ್ಬಾ ಅಂತೀನಿ?" ಅಂದ. ಡಿಫೆನ್ಸ್ ಪಾಲಿಸಿ ಬಗ್ಗೆ ನಾನು ಕೇಳಿರೋ ಮಾತುಗಳಲ್ಲಿ ಇಷ್ಟು ಬುದ್ಧಿವಂತಿಕೆಯ ಮಾತು ಕಡಿಮೆ.

ಕಸದ ಮಾತಾಯ್ತು, ಇನ್ನು ಕಟ್ಟಡ. ಮಿಲಿಟರಿ ಜಾಗದ ಸುತ್ತ ಕಟ್ಟೋದನ್ನ ತಡೆಯೋಕೆ 1903ರ ವರ್ಕ್ಸ್ ಆಫ್ ಡಿಫೆನ್ಸ್ ಆಕ್ಟ್ ಅಂತ ಇದೆ, ಮುಂಬೈ ಆದರ್ಶ್ ಸೊಸೈಟಿ ಗಲಾಟೆ ಆದ್ಮೇಲೆ 2011ರಲ್ಲಿ ರಕ್ಷಣಾ ಇಲಾಖೆ ಇನ್ನೊಂದಷ್ಟು ಬಿಗಿ ಮಾಡ್ತು. ಆದ್ರೆ ಪ್ಲಾನ್ ಸ್ಯಾಂಕ್ಷನ್ ಮಾಡೋರು ಯಾರು? ರಾಜ್ಯದ ಕೈಕೆಳಗಿನ ಆಫೀಸ್‌ಗಳೇ. ಎನ್‌ಒಸಿ (ಮಿಲಿಟರಿಯವರ ಒಪ್ಪಿಗೆ ಪತ್ರ) ಇದ್ಯಾ ಅಂತ ಕೇಳ್ದೆ ಸಹಿ ಬೀಳುತ್ತೆ, ಫ್ಲಾಟ್ ಮಾರಾಟ ಆಗುತ್ತೆ, ಸಾಲ ಮಾಡಿ ತಗೊಂಡೋನಿಗೆ ಆಮೇಲೆ ನೋಟಿಸ್ ಬರುತ್ತೆ. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಓಪನ್ ಆದ್ಮೇಲಂತೂ ಬಳ್ಳಾರಿ ರೋಡ್ ಕಡೆ ಹೇಗೆ ಬೆಳೀತು ಅಂತ ನಾನು ಹೇಳ್ಬೇಕಾ.

ಇದಕ್ಕೊಂದು ಅಮೆರಿಕದ ಉದಾಹರಣೆ ಇದೆ, ಅಲ್ಲಿರೋ ನಮ್ಮೋರಿಗೆ ಗೊತ್ತಿರ್ಬಹುದು. ಅಲ್ಲಿ ಕೇಂದ್ರದವರು ಆಗಾಗ ಕಮಿಷನ್ ಮಾಡಿ ಯಾವ ಬೇಸ್ ಮುಚ್ಚಬೇಕು ಅಂತ ಪಟ್ಟಿ ಹಾಕ್ತಾರೆ. 1988ರಿಂದ 2005ರವರೆಗೆ ಐದು ಸಲ ಹಾಕಿದ್ರು. 2005ರ ಪಟ್ಟಿಯಲ್ಲಿ ಸೌತ್ ಡಕೋಟಾ ರಾಜ್ಯದ ಎಲ್ಸ್‌ವರ್ತ್ ಏರ್‌ಫೋರ್ಸ್ ಬೇಸ್ ಇತ್ತು. ಚಿಕ್ಕ ರಾಜ್ಯ, ದೊಡ್ಡ ಹೊಡೆತ. ಅವರೂ ನಮ್ಮ ಥರಾನೇ ಕೂಗಾಡಿದ್ರು, ಪಟ್ಟಿಯಿಂದ ತೆಗೆಸಿದ್ರು. ವ್ಯತ್ಯಾಸ ಆಮೇಲಿಂದು. ಗೆದ್ವಿ ಅಂತ ಮನೆಗೆ ಹೋಗ್ಲಿಲ್ಲ, 2009ರಲ್ಲಿ ಅದಕ್ಕೇ ಅಂತ ಒಂದು ಪ್ರಾಧಿಕಾರ ಮಾಡಿದ್ರು. ರನ್‌ವೇ ನೇರಕ್ಕೆ, ವಿಮಾನ ಬೀಳೋ ಅಪಾಯ ಇರೋ ಜಾಗದಲ್ಲಿದ್ದ ಮನೆ-ಜಮೀನನ್ನ ದುಡ್ಡು ಕೊಟ್ಟು ಕೊಂಡ್ಕೊಂಡ್ರು, ಪಕ್ಕದ ಊರಿಗೂ ಬೇಸಿಗೂ ಸೇರಿ ಒಂದೇ ಕೊಳಚೆನೀರಿನ ಪ್ಲಾಂಟ್ ಕಟ್ಟಿದ್ರು. ಹೌದು, ಚರಂಡಿ! ಕೊನೆಗೆ ಅಮೆರಿಕದ ಹೊಸ ಬಿ-21 ಬಾಂಬರ್‌ಗೆ ಮೊದಲ ಬೇಸ್ ಅಂತ ಆರಿಸಿದ್ದು ಅದೇ ಎಲ್ಸ್‌ವರ್ತ್‌ನ. ಚರಂಡಿ ಕಟ್ಟಿದ್ದಕ್ಕೇ ಬಾಂಬರ್ ಬಂತು ಅಂತ ನಾನು ಹೇಳ್ತಿಲ್ಲ, ಆದ್ರೆ ಬೇಡ ಅನ್ನೋಕೆ ಕಾರಣ ಅಂತೂ ಉಳಿಸ್ಲಿಲ್ಲ.

ನಮ್ಮಲ್ಲಿ ಹಾಗೆ ಮುಚ್ಚೋ ಪಟ್ಟಿ ಇಲ್ಲ, ನಿಜ. ಯಲಹಂಕ ನಾಳೆ ಬೀಗ ಹಾಕ್ಕೊಳಲ್ಲ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್, ಹಲಸೂರಿನ ಎಂಇಜಿ (ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್) ಎಲ್ಲೂ ಓಡಿಹೋಗಲ್ಲ. ಇಲ್ಲಿ ಆಗೋದು ಬೇರೆ ಥರ. ಹೊಸದು ಬರೋವಾಗ ಬೇರೆ ಕಡೆ ಹೋಗುತ್ತೆ. 2018ರಲ್ಲಿ ಡಿಫೆನ್ಸ್ ಕಾರಿಡಾರ್ (ರಕ್ಷಣಾ ಕಾರ್ಖಾನೆಗಳಿಗೆ ಅಂತ ಗುರುತಿಸಿದ ಪ್ರದೇಶ) ಎರಡು ಘೋಷಣೆ ಆದಾಗ ಒಂದು ಉತ್ತರ ಪ್ರದೇಶಕ್ಕೆ, ಇನ್ನೊಂದು ತಮಿಳುನಾಡಿಗೆ. 1940ರಲ್ಲಿ ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕಿ, ಜಾಗಾನೂ ಕೊಟ್ಟು ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆಯನ್ನ (ಇವತ್ತಿನ ಎಚ್‌ಎಎಲ್) ಇಲ್ಲಿಗೆ ತಂದಿದ್ದ ನಾಡಿಗೆ ಸೊನ್ನೆ.

ಹಂಗಂತ ಎಕರೆಗಟ್ಲೆ ಜಮೀನು ಸುರಿದುಬಿಡಿ ಅನ್ನೋರ ಜೊತೆ ನಾನಿಲ್ಲ. 2025ರ ಜುಲೈ 15ಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗೆ ಅಂತಿದ್ದ 1,777 ಎಕರೆ ಭೂಸ್ವಾಧೀನ ಕೈಬಿಟ್ವಿ ಅಂತ ಸಿದ್ದರಾಮಯ್ಯ ಹೇಳಿದ ತಕ್ಷಣ, ಆಂಧ್ರದ ಕಡೆಯಿಂದ ಮಂತ್ರಿ ನಾರಾ ಲೋಕೇಶ್ ನಮ್ಮಲ್ಲಿ ಜಾಗ ರೆಡಿ ಇದೆ ಬನ್ನಿ ಅಂತ ಟ್ವೀಟ್ ಹಾಕಿದ್ರು, ನಮ್ಮೋರೇ ಎಷ್ಟೋ ಜನ ಆ ರೈತರನ್ನ ಬೈದ್ರು. ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತೋರು ಅವರು, ಬೈಯೋದು ಯಾಕೆ? ಅವರಿಗೆ ಸರ್ಕಾರದ ಮೇಲೆ ಯಾಕೆ ನಂಬಿಕೆ ಬರಲಿಲ್ಲ ಅಂತ ತಿಳ್ಕೋಬೇಕಂದ್ರೆ ಕಾರವಾರಕ್ಕೆ ಹೋಗಿ ಕೇಳಿ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಆಯ್ತು. ಅರ್ಗಾ, ಬಿಣಗಾ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಮನೆ, ಗದ್ದೆ, ದೋಣಿ ಕಟ್ಟೋ ದಡ ಎಲ್ಲಾ ಬಿಟ್ಟು ಎದ್ರು. ಹೆಚ್ಚಿನ ಪರಿಹಾರಕ್ಕೆ ಕೋರ್ಟ್ ಮೆಟ್ಟಿಲು ಹತ್ತಿ ಹತ್ತಿ ಅಜ್ಜ ಹಾಕಿದ ಕೇಸಿಗೆ ಮೊಮ್ಮಗ ಓಡಾಡೋ ಹಾಗಾಯ್ತು. ನೌಕಾನೆಲೆಗೆ ರಾಜ್ಯ ಮಾಡಬಹುದಾದ ದೊಡ್ಡ ಸಹಾಯ ಅಂದ್ರೆ ಆ ಜನರ ಫೈಲು ಟೈಮಿಗೆ ಸರಿಯಾಗಿ ಓಡಿಸೋದಾಗಿತ್ತು. ಅದು ಆಗಿದ್ರೆ ದೇವನಹಳ್ಳಿ ಕಡೆಯ ರೈತನ ಮುಂದೆ ನಿಂತು ಮಾತಾಡೋಕೆ ಮುಖ ಇರ್ತಿತ್ತು.

ಏರೋಸ್ಪೇಸ್-ಡಿಫೆನ್ಸ್ ಪಾಲಿಸಿ ಅಂತ 2022-27ಕ್ಕೆ ಒಂದು ಇದೆ, ಒಳ್ಳೇದೇ, ಆದ್ರೆ ಅದು ಹೂಡಿಕೆ ತರೋರಿಗೆ. ಸಿವಿಲ್-ಮಿಲಿಟರಿ ಲಿಯಾಸನ್ ಮೀಟಿಂಗ್‌ಗಳೂ ನಡೀತಾವೆ, ಫೋಟೋ ಬರುತ್ತೆ, ಶಾಲು-ಹಾರ ಆಗುತ್ತೆ. ನನಗೆ ಬೇಕಿರೋದು ಚೀಫ್ ಸೆಕ್ರೆಟರಿ ಕೆಳಗೆ ಒಬ್ಬ ಆಫೀಸರ್, ಅವರ ಟೇಬಲ್ ಮೇಲೆ ಪ್ರತಿ ಬೇಸ್‌ಗೂ ಒಂದೊಂದು ಫೈಲು: ಎನ್‌ಒಸಿ ಇಲ್ದೆ ಎದ್ದಿರೋ ಕಟ್ಟಡ ಎಷ್ಟು, ಮಿಲಿಟರಿ ಜಾಗ ರೋಡಿಗೆ ತಗೊಂಡು ಬದಲಿ ಜಾಗ ಕೊಡೋದು ಎಲ್ಲಿ ನಿಂತಿದೆ, ಪರಿಹಾರ ಬಾಕಿ ಯಾರಿಗೆ, ಕಸದ ಗಾಡಿ ಬರ್ತಿದ್ಯಾ. ಬೋರಿಂಗ್ ಕೆಲಸ, ರೀಲ್ಸ್‌ಗೆ ಆಗಲ್ಲ.

ಈಗ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಅಥಾರಿಟಿ) ಬಂದು, ಯಲಹಂಕ ಬೆಂಗಳೂರು ನಾರ್ತ್ ಕಾರ್ಪೊರೇಷನ್‌ಗೆ ಸೇರಿದೆ. ಎರಡು ವರ್ಷಕ್ಕೊಂದರ ಲೆಕ್ಕದಲ್ಲಿ ಮುಂದಿನ ಏರ್ ಶೋ 2027ಕ್ಕೆ ಬರ್ಬೇಕು. ಅಷ್ಟರೊಳಗೆ ಮಾಂಸದ ಅಂಗಡಿಗಳ ವೇಸ್ಟ್‌ಗೆ ಅಂತಾನೇ ಬೇರೆ ಗಾಡಿ ದಿನಾ ಓಡಿಸಿ, ಅದನ್ನ ಸುಡೋಕೋ ಅರೆಯೋಕೋ ಒಂದು ಮುಚ್ಚಿದ ಪ್ಲಾಂಟ್ ಮಾಡಿ. ಅದು ಆಗಲಿಲ್ಲ, ಮತ್ತೆ ವಾರಗಟ್ಲೆ ಬಂದ್ ಮಾಡಿಸ್ತೀವಿ ಅಂತಾದ್ರೆ ಅಷ್ಟು ದಿನದ ಬಾಡಿಗೆ ಆ ಅಂಗಡಿಯೋರಿಗೆ ಕೊಡಿ. ವಾರ್ಡ್ ಇಂಜಿನಿಯರ್ ಯಾರಾದ್ರೂ ಇದನ್ನ ಓದ್ತಿದ್ರೆ ಕಾಮೆಂಟಲ್ಲಿ ಹೇಳಿ, ಆ ಕರೀ ಕವರ್ ಬೀಳೋ ಜಾಗಗಳ ಲೊಕೇಷನ್ ನಾನೇ ಕಳಿಸ್ತೀನಿ.