ಬೆನ್ನು ಹತ್ತಿದ ಟ್ರಕ್ಕು

ರಿಮೋಟ್‌ನಿಂದ ಓಡಿಸುವ ಆಟದ ಟ್ರಕ್ ಕೊಳ್ಳಬೇಕು ಅಂತ ಬಾಯಿಬಿಟ್ಟರೆ ಸಾಕು, ಸಲಹೆ ಕೊಡುವವರಿಗೆ ಬರವಿಲ್ಲ. ಬ್ರಷ್, ಅಂದರೆ ಒಳಗೆ ಉಜ್ಜಿಕೊಂಡು ಕರೆಂಟು ದಾಟಿಸುವ ತುಂಡು, ಇರುವ ಮೋಟಾರೇ ಸಾಕು ಅಂತ ಒಬ್ಬರು. ಬ್ರಷ್‌ಲೆಸ್ ಅಲ್ಲದಿದ್ದರೆ ಅದೂ ಒಂದು ಗಾಡಿಯಾ ಅಂತ ಇನ್ನೊಬ್ಬರು. ಗೇರು ಲೋಹದ್ದೇ ಆಗಬೇಕು, ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಇರಲೇಬೇಕು, ಬಿಡಿಭಾಗ ಸಿಗದ ಗಾಡಿಯನ್ನು ಮುಟ್ಟಲೇಬಾರದು. ಎಲ್ಲ ಸರಿ. ಆದರೆ ಅದನ್ನು ಮನೆಗೆ ಹೇಗೆ ತರ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ಕಾರು ಇರುತ್ತದೆ, ಕಾರಿಗೊಂದು ಡಿಕ್ಕಿ ಇರುತ್ತದೆ ಅನ್ನುವುದು ಅವರ ಗಟ್ಟಿ ನಂಬಿಕೆ. ನಮ್ಮ ಮನೆಯಲ್ಲಿರುವುದು ಸೈಕಲ್. ಒಂದು ನನ್ನದು, ಒಂದು ಮಗಳದ್ದು.

ಹಾಗಾಗಿ ಟ್ರಕ್ ನೋಡಲು ಹೊರಟಾಗ ನನ್ನ ಜೇಬಿನಲ್ಲಿ ಅಳತೆ ಟೇಪು ಇತ್ತು. ಕ್ಯಾರಿಯರ್‌ನ ಉದ್ದ, ಅಗಲ, ಸೀಟಿನಿಂದ ಹಿಂದಕ್ಕೆ ಇರುವ ಜಾಗ, ಎಲ್ಲ ಬರೆದುಕೊಂಡಿದ್ದೆ.

"ಎಷ್ಟು ಸ್ಪೀಡ್ ಬೇಕು ಸಾರ್?" ಎಂದ ಅಂಗಡಿಯ ಹುಡುಗ.

"ಅಗಲ ಎಷ್ಟು ಬರುತ್ತೆ?" ಎಂದೆ.

"ಇದು ಕಲ್ಲು, ಮಣ್ಣು, ಕೆಸರು ಎಲ್ಲದರಲ್ಲೂ ಹೋಗುತ್ತೆ ಸಾರ್."

"ಸೈಕಲ್ ಕ್ಯಾರಿಯರ್ ಮೇಲೆ ಕೂರುತ್ತಾ?"

ಹುಡುಗ ಮಗಳ ಮುಖ ನೋಡಿದ. ಮಗಳು ಚಾವಣಿ ನೋಡಿದಳು.

ಈ ಗಾಡಿಗಳ ಲೆಕ್ಕವೇ ಬೇರೆ. ಪೆಟ್ಟಿಗೆಯ ಮೇಲೆ 1/8, 1/10, 1/16, 1/24 ಅಂತ ಬರೆದಿರುತ್ತದೆ. 1/10 ಅಂದರೆ ನಿಜವಾದ ಗಾಡಿಯ ಹತ್ತನೇ ಒಂದು ಪಾಲು. ಕೆಳಗಿನ ಅಂಕಿ ದೊಡ್ಡದಾದಷ್ಟೂ ಗಾಡಿ ಚಿಕ್ಕದು. ಆಗಷ್ಟೇ ಶಾಲೆಯಲ್ಲಿ ಭಿನ್ನರಾಶಿ ಮುಗಿಸಿದ್ದ ಮಗಳು ಇದನ್ನು ಅಂಗಡಿಗೆಲ್ಲ ಕೇಳುವಂತೆ ನನಗೆ ವಿವರಿಸಿದಳು. ಆದರೆ ಪಠ್ಯಪುಸ್ತಕ ಹೇಳದ ಒಂದು ವಿಷಯವಿದೆ. ಒಂದೇ 1/10 ಅಂತ ಬರೆದಿರುವ ಎರಡು ಗಾಡಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಸಣಕಲು, ಇನ್ನೊಂದು ಧಡೂತಿ. ಬಂಡೆ ಹತ್ತುವ ಕ್ರಾಲರ್ ಮೈಕೈ ತುಂಬಿಕೊಳ್ಳದೆ ಇರುತ್ತದೆ. ಮಾನ್‌ಸ್ಟರ್ ಟ್ರಕ್ ಟೈರು ಉಬ್ಬಿಸಿಕೊಂಡು, ಕಾಲು ಅಗಲಿಸಿಕೊಂಡು ನಿಂತಿರುತ್ತದೆ. ಸ್ಕೇಲ್, ಅಂದರೆ ಪೆಟ್ಟಿಗೆಯ ಮೇಲಿನ ಈ ಭಿನ್ನರಾಶಿ, ಹೆಸರಿಗಷ್ಟೇ. ಟೇಪನ್ನೇ ನಂಬಬೇಕು.

ನನಗೆ ಹಿಡಿಸಿದ್ದು 1/24. ಹೆಗಲ ಚೀಲದಲ್ಲಿ ಕೂರುತ್ತದೆ, ಇನ್ನು ಮಾತೇ ಇಲ್ಲ. ಮಗಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದು ಮಂಚದ ಕೆಳಗೆ ಹೋದರೆ ಮತ್ತೆ ಸಿಗಲ್ಲ ಅಪ್ಪ" ಎಂದಳು. ಆಮೇಲೆ ಕ್ರಾಲರ್ ತೋರಿಸಿದೆ. ಎಂಥ ಗಂಭೀರ ಗಾಡಿ! ಕಲ್ಲಿನ ಮೇಲೆ ಒಂದೊಂದೇ ಚಕ್ರ ಇಟ್ಟು, ಯೋಚನೆ ಮಾಡಿ, ಮುಂದಿನದನ್ನು ಇಡುತ್ತದೆ. ನಮ್ಮ ವಯಸ್ಸಿನವರಿಗೆ ಹೇಳಿ ಮಾಡಿಸಿದ್ದು. ಆದರೆ ಮಗಳಿಗೆ ಗಾಡಿ ಜಿಗಿಯಬೇಕು. ಟ್ರ್ಯಾಕ್ಸಸ್ ಕಂಪನಿ 2008ರಲ್ಲಿ ತಂದ ಸ್ಲ್ಯಾಶ್ ಅನ್ನುವ ಶಾರ್ಟ್ ಕೋರ್ಸ್ (ಮಣ್ಣಿನ ಟ್ರ್ಯಾಕಿನ ರೇಸಿನ) ಟ್ರಕ್ ಚೆನ್ನಾಗಿಯೇ ಜಿಗಿಯುತ್ತದೆ, ಆದರೆ ಅರ್ಧ ಮೀಟರ್‌ಗಿಂತ ಉದ್ದ. ಅದೇ ಕಂಪನಿಯ ಎಕ್ಸ್-ಮ್ಯಾಕ್ಸ್ ಇದೆಯಲ್ಲ, ಅದು ಮುಕ್ಕಾಲು ಮೀಟರ್ ಮೀರುತ್ತದೆ, ತೂಕ 8 ಕೆಜಿ ದಾಟುತ್ತದೆ. ಅದನ್ನು ಸೈಕಲ್ ಮೇಲೆ ಕಟ್ಟುವುದಕ್ಕಿಂತ ಅದರ ಮೇಲೆ ಸೈಕಲ್ ಕಟ್ಟುವುದು ಸುಲಭ.

ಕೊನೆಗೆ ಅಪ್ಪ ಮಗಳ ನಡುವೆ ರಾಜಿಯಾಗಿದ್ದು 1/10 ಮಾನ್‌ಸ್ಟರ್ ಟ್ರಕ್‌ಗೆ. ಉದ್ದ ಸುಮಾರು 40 ಸೆಂಟಿಮೀಟರ್, ಅಗಲ 33. ಕ್ಯಾರಿಯರ್ ಅದರ ಅರ್ಧದಷ್ಟೂ ಅಗಲವಿಲ್ಲ, ನಿಜ. ಆದರೆ ಗಾಡಿಯ ಹೊಟ್ಟೆ, ಅಂದರೆ ಚಾಸಿಸ್, ಕ್ಯಾರಿಯರ್ ಮೇಲೆ ಕೂರುತ್ತದೆ. ಚಕ್ರಗಳು ಎರಡೂ ಕಡೆ ಜೋತುಬೀಳುತ್ತವೆ. ಲೆಕ್ಕ ಪಕ್ಕಾ. ಹೊಸದಕ್ಕಿಂತ ಯಾರೋ ನಾಲ್ಕು ದಿನ ಓಡಿಸಿ ಬೇಸತ್ತಿರುವ ಗಾಡಿ ವಾಸಿ ಅಂತ ಹುಡುಕಿ, ಒಬ್ಬರ ಮನೆಗೆ ನಾವಿಬ್ಬರೂ ಸೈಕಲ್ ತುಳಿದುಕೊಂಡು ಹೋದೆವು.

ಗಾಡಿಯ ಹಳೆಯ ಮಾಲೀಕರು ಬಹಳ ಒಳ್ಳೆಯವರು. ಅಂಗಳದಲ್ಲಿ ಗಾಡಿ ಓಡಿಸಿ ತೋರಿಸಿದರು. ಪಿಸ್ತೂಲಿನ ಆಕಾರದ ರಿಮೋಟ್. ತೋರುಬೆರಳಿಗೆ ಟ್ರಿಗರ್, ಪಕ್ಕದಲ್ಲಿ ಸ್ಪಂಜು ಸುತ್ತಿದ ಪುಟ್ಟ ಸ್ಟಿಯರಿಂಗ್. ಅವರು ಮಗಳಿಗೆ ಒಂದು ನಿಯಮ ಕಲಿಸಿದರು: "ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ಗಾಡಿ. ಆಫ್ ಮಾಡುವಾಗ ಮೊದಲು ಗಾಡಿ, ಆಮೇಲೆ ರಿಮೋಟ್. ತಪ್ಪಿದರೆ ಗಾಡಿ ತನ್ನಿಷ್ಟಕ್ಕೆ ಓಡಿಬಿಡಬಹುದು." ಈಗಿನ ಗಾಡಿಗಳಲ್ಲಿ ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಆದರೂ ನಿಯಮ ನಿಯಮವೇ. ಮಗಳು ಅದನ್ನು ಬಾಯಿಪಾಠ ಮಾಡಿಕೊಂಡಳು. ಇದು ಮುಂದೆ ನನ್ನ ಬೆನ್ನಿಗೆ ಬರುತ್ತದೆ ಅಂತ ಆಗ ಯಾರಿಗೆ ಗೊತ್ತು?

ಆಮೇಲೆ ಅವರು ಒಳಗಿನಿಂದ ಪೆಟ್ಟಿಗೆ ತಂದರು. ಅಸಲಿ ಪೆಟ್ಟಿಗೆ, ಒಳಗೆ ಥರ್ಮಾಕೋಲ್ ಅಚ್ಚು. "ಬಾಕ್ಸ್ ಮಾತ್ರ ಬಿಡಬೇಡಿ ಸಾರ್, ನಾಳೆ ನೀವು ಮಾರಬೇಕಾದರೆ ಬಾಕ್ಸ್‌ಗೇ ಬೆಲೆ" ಎಂದರು. ನನ್ನ ಟೇಪು ಗಾಡಿಯನ್ನು ಅಳೆದಿತ್ತು. ಈ ಪೆಟ್ಟಿಗೆ ಲೆಕ್ಕದಲ್ಲೇ ಇರಲಿಲ್ಲ.

ಇರಲಿ ಅಂತ ಪೆಟ್ಟಿಗೆಯನ್ನು ಕ್ಯಾರಿಯರ್ ಮೇಲೆ ಅಡ್ಡಡ್ಡ ಕಟ್ಟಿದೆವು. ನೋಡಲು ಭರ್ಜರಿ. ಆದರೆ ಸೈಕಲ್ ಹತ್ತುವುದು ಹೇಗೆ? ಹುಟ್ಟಿದಾಗಿನಿಂದ ಹಿಂದಿನಿಂದ ಕಾಲು ಬೀಸಿಯೇ ಅಭ್ಯಾಸ. ಈಗ ಹಿಂದೆ ಪೆಟ್ಟಿಗೆ ಅಡ್ಡ. ಸೈಕಲನ್ನು ವಾಲಿಸಿ, ಮುಂದಿನಿಂದ ಕಾಲು ಎತ್ತಿ ಬಾರ್ ದಾಟಿಸಲು ಹೋದೆ. ಮಂಡಿ ಹ್ಯಾಂಡಲ್‌ಗೆ ತಗುಲಿ ಬೆಲ್ಲು ಟ್ರಿಣ್ ಎಂದಿತು. ಮಾಲೀಕರ ನಾಯಿ ಎದ್ದು ಬಂದು ಕೂತು ನೋಡತೊಡಗಿತು. ಹೇಗೋ ಹತ್ತಿ ಕೂತರೆ ಪೆಟ್ಟಿಗೆ ಬೆನ್ನಿಗೆ ಒತ್ತಿ, ನನ್ನ ಮೂಗು ಹ್ಯಾಂಡಲ್ ಹತ್ತಿರ ಹೋಯಿತು. ಗೇಟು ದಾಟುವಷ್ಟರಲ್ಲಿ ಒಂದು ಗಾಳಿ ಬೀಸಿತು ನೋಡಿ. ಅಷ್ಟಗಲದ ರಟ್ಟಿಗೆ ಗಾಳಿ ಹೊಡೆದರೆ ಸೈಕಲ್ ಯಾರ ಮಾತೂ ಕೇಳುವುದಿಲ್ಲ. ನಾನು ಎಡಕ್ಕೆ ಹೋಗಬೇಕಿತ್ತು. ಬಲಗಡೆಯ ಬೇಲಿಯಲ್ಲಿದ್ದೆ.

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೋ ಅಲೆಯಿಂದ ನಡೆಯುವ ಪುಟ್ಟ ದೋಣಿ ತೋರಿಸಿ ಜನರನ್ನು ಬೆರಗುಗೊಳಿಸಿದ. ಎಲ್ಲರೂ ಅವನ ಬುದ್ಧಿಯನ್ನು ಹೊಗಳುತ್ತಾರೆ. ಬೇಲಿಯಲ್ಲಿ ಕೂತಿದ್ದ ನನಗೆ ಬಂದ ಪ್ರಶ್ನೆ ಒಂದೇ: ದೋಣಿಯನ್ನು ಅಲ್ಲಿಯವರೆಗೆ ಹೊತ್ತವರು ಯಾರು?

ಪೆಟ್ಟಿಗೆಯ ಯೋಜನೆ ಅಲ್ಲಿಗೆ ಕೈಬಿಟ್ಟೆವು. ಮಾಲೀಕರು ಥರ್ಮಾಕೋಲ್ ತೆಗೆದು ಜಗಲಿಯ ಮೇಲಿಟ್ಟು, ರಟ್ಟನ್ನು ಮಡಚಿ ಚಪ್ಪಟೆ ಮಾಡಿಕೊಟ್ಟರು. ಅದನ್ನೇ ಕ್ಯಾರಿಯರ್ ಮೇಲೆ ಹಾಸಿ, ಮೇಲೆ ಗಾಡಿ ಇಟ್ಟೆ. ಈಗ ಶುರುವಾಯಿತು ಅಸಲಿ ಕಷ್ಟ. ಈ ಗಾಡಿಗಳ ದೊಡ್ಡಸ್ತಿಕೆಯೇ ಸಸ್ಪೆನ್ಶನ್. ಎತ್ತಿ ಕುಕ್ಕಿದರೂ ಕುಗ್ಗಿ ಮತ್ತೆ ಎದ್ದು ನಿಲ್ಲುವುದು ಅದರ ಗುಣ. ಕಟ್ಟುವವನಿಗೆ ಅದೇ ಶಾಪ. ಕೊಕ್ಕೆಯ ಎಲಾಸ್ಟಿಕ್ ಹಗ್ಗ ಬಿಗಿದರೆ ಗಾಡಿ ಕುಗ್ಗುತ್ತದೆ. ಕುಗ್ಗಿದ ಕೂಡಲೇ ಹಗ್ಗ ಸಡಿಲ. ಸಡಿಲವಾದ ಕೂಡಲೇ ಗಾಡಿ ಪುಟಿಯುತ್ತದೆ. ಕರೆಯಲು ಬಿಡದ ಹಸುವಿನ ಹಾಗೆ ಅದು ನಾನು ಬಗ್ಗಿದಾಗಲೆಲ್ಲ ಒಂದು ಒದೆ ಕೊಡುತ್ತಿತ್ತು. ಇನ್ನು ಮೇಲಿನ ಬಾಡಿ. ತೆಳ್ಳಗಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಹಗ್ಗ ತಗುಲಿದರೆ ಒಳಕ್ಕೆ ತಗ್ಗುತ್ತದೆ. ಕ್ಲಿಪ್ಪುಗಳನ್ನು ಕಿತ್ತು ಬಾಡಿಯನ್ನು ತೆಗೆದು ಮಗಳ ಸೈಕಲ್ ಬುಟ್ಟಿಗೆ ಮುಚ್ಚಳ ಮಾಡಿದೆ. ಆಮೇಲೆ ಮಾಲೀಕರು ಹಳೆಯ ಸೈಕಲ್ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ ಕೊಟ್ಟರು. ಟ್ಯೂಬಿಗೆ ಸಮ ಯಾವುದೂ ಇಲ್ಲ. ಕೊಕ್ಕೆ ಇಲ್ಲ, ಜಾರುವುದಿಲ್ಲ, ಹಿಡಿದದ್ದನ್ನು ಬಿಡುವುದಿಲ್ಲ. ಚಾಸಿಸ್ ಮೇಲೆ ಸುತ್ತಿ ಸುತ್ತಿ ಬಿಗಿದೆವು. ಗಾಡಿಯ ಮೂತಿ ಹಿಂದಕ್ಕೆ, ಹಿಂದಿನ ಚಕ್ರಗಳು ನನ್ನ ಬೆನ್ನ ಕಡೆಗೆ.

ರಿಮೋಟ್ ಮಗಳ ಬುಟ್ಟಿಯಲ್ಲಿ. ಹೊರಟೆವು. ಮುಂದೆ ನಾನು, ಚರ್ಮ ಸುಲಿದ ಟ್ರಕ್ ಹೊತ್ತು. ಹಿಂದೆ ಮಗಳು, ಬರೀ ಚರ್ಮ ಹೊತ್ತು.

ಸ್ವಲ್ಪ ದೂರ ಹೋಗಿರಬಹುದು. ರಸ್ತೆಯಲ್ಲೊಂದು ಉಬ್ಬು. ಅದನ್ನು ದಾಟಿದ ಮರುಕ್ಷಣ ಬೆನ್ನ ಹಿಂದೆ "ಝೊಂಯ್ಯ್" ಅಂತ ಸದ್ದು. ಯಾರೋ ನನ್ನ ಅಂಗಿಯನ್ನು ಪ್ಯಾಂಟಿನಿಂದ ಹೊರಗೆ ಎಳೆದರು. ತಿರುಗಿ ನೋಡಿದೆ, ಯಾರೂ ಇಲ್ಲ. ಇನ್ನೊಂದು ಉಬ್ಬು, ಇನ್ನೊಂದು ಝೊಂಯ್ಯ್. ಈ ಸಲ ಮುಳ್ಳುಮುಳ್ಳಾದ ರಬ್ಬರು ಸೊಂಟದಿಂದ ಹೆಗಲವರೆಗೆ ಉಜ್ಜಿಕೊಂಡು ಹತ್ತಲು ನೋಡಿತು. ಗಾಡಿ ಆನ್ ಆಗಿಯೇ ಇತ್ತು! ತೋರಿಸಲು ಓಡಿಸಿದವರು ಆಫ್ ಮಾಡಿರಲೇ ಇಲ್ಲ.

ಹಿಂದೆ ರಿಮೋಟ್‌ಗಳು 27 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಾಗಿದ್ದರೆ ಪಕ್ಕದ ಬೀದಿಯ ಹುಡುಗನ ಮೇಲೆ ಹಾಕಬಹುದಿತ್ತು. ಆಗ ಒಂದೇ ಚಾನೆಲ್‌ನ ಇನ್ನೊಂದು ರಿಮೋಟ್ ಹತ್ತಿರದಲ್ಲಿದ್ದರೆ ಗಾಡಿ ಅವರ ಮಾತನ್ನೂ ಕೇಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ರಿಮೋಟ್‌ಗಳು ತಂತಮ್ಮ ಗಾಡಿಯ ಜೊತೆಗೆ ಮಾತ್ರ ಜೋಡಿ ಕಟ್ಟಿಕೊಂಡಿರುತ್ತವೆ. ಹಾಗಾಗಿ ಆರೋಪಿ ಯಾರು ಅಂತ ತನಿಖೆಯೇ ಬೇಕಿರಲಿಲ್ಲ. ಬುಟ್ಟಿಯಲ್ಲಿ ಸೈಕಲ್ ಬೀಗದ ಸರಪಳಿ ಇತ್ತು. ಉಬ್ಬು ಬಂದಾಗಲೆಲ್ಲ ಅದು ಹಾರಿ ಟ್ರಿಗರ್ ಮೇಲೆ ಬೀಳುತ್ತಿತ್ತು.

ಸೈಕಲ್ ನಿಲ್ಲಿಸಿದೆ. "ರಿಮೋಟ್ ಆಫ್ ಮಾಡಮ್ಮ."

"ಮೊದಲು ಗಾಡಿ ಆಫ್ ಮಾಡು ಅಪ್ಪ."

"ಗಾಡಿಯ ಸ್ವಿಚ್ಚು ಟ್ಯೂಬಿನ ಕೆಳಗಿದೆ ಪುಟ್ಟಿ. ಪೂರ್ತಿ ಬಿಚ್ಚಬೇಕು."

"ಹಾಗಾದ್ರೆ ರಿಮೋಟ್ ಆಫ್ ಮಾಡೋ ಹಾಗಿಲ್ಲ. ಅಂಕಲ್ ಹೇಳಿಲ್ವಾ? ಗಾಡಿ ಓಡಿಬಿಡುತ್ತೆ."

"ಕಟ್ಟಿ ಹಾಕಿರೋ ಗಾಡಿ ಎಲ್ಲಿಗೆ ಓಡುತ್ತೆ?"

ಅವಳು ನನ್ನ ಅಂಗಿಯ ಬೆನ್ನು ನೋಡಿದಳು. ಅದರ ಮೇಲೆ ಟೈರಿನ ಗುರುತು ಸ್ಪಷ್ಟವಾಗಿ ಮೇಲಕ್ಕೆ ಹೋಗಿತ್ತು. ವಾದದಲ್ಲಿ ನಾನು ಸೋತೆ.

ಸರಪಳಿಯನ್ನು ನನ್ನ ಕೊರಳಿಗೆ ಹಾಕಿಕೊಂಡು ಮುಂದುವರಿದೆವು. ಬೆನ್ನು ಸುಮ್ಮನಾಯಿತು. ಮುಂದಿನ ಸಿಗ್ನಲ್‌ನಲ್ಲಿ ಮಾತ್ರ ಹೊಸ ಕಥೆ. ಕೆಂಪು ದೀಪಕ್ಕೆ ನಿಂತಿದ್ದೇವೆ, ಹಿಂದಿನಿಂದ ಕಿಸಕಿಸ ನಗು. ಗಾಡಿಯ ಮೂತಿ ಹಿಂದಕ್ಕಿತ್ತಲ್ಲ? ಅದರ ಸ್ಟಿಯರಿಂಗ್ ಚಕ್ರಗಳು ಹಿಂದಿನವರಿಗೆ ಚೆನ್ನಾಗಿ ಕಾಣುತ್ತಿದ್ದವು. ಒಂದು ಕಾಲು ನೆಲಕ್ಕೆ ಊರಿ ನಿಂತ ಮಗಳು ರಿಮೋಟ್ ಹಿಡಿದು ಅವನ್ನು ಎಡಕ್ಕೆ ತಿರುಗಿಸಿದ್ದಳು.

"ಏನಮ್ಮಾ ಅದು?"

"ಇಂಡಿಕೇಟರ್ ಅಪ್ಪ. ನಾವು ಎಡಕ್ಕೆ ತಿರುಗಬೇಕಲ್ವಾ?"

ನಮ್ಮ ಹಿಂದಿದ್ದ ನಿಜವಾದ ಲಾರಿಯ ಚಾಲಕ ಕಿಟಕಿಯಿಂದ ತಲೆ ಹಾಕಿ, ಬಹಳ ಗಂಭೀರವಾಗಿ ತನ್ನ ಇಂಡಿಕೇಟರನ್ನೂ ಹಾಕಿದ. ದೀಪ ಹಸಿರಾದಾಗ ನಮಗೇ ಮೊದಲು ದಾರಿ ಬಿಟ್ಟ. ಇಷ್ಟು ವರ್ಷ ಸೈಕಲ್ ತುಳಿದರೂ ರಸ್ತೆಯಲ್ಲಿ ಅಂಥ ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

ಆಮೇಲಿನ ದಾರಿಯಲ್ಲಿ ನಿಂತಲ್ಲೆಲ್ಲ ಅವಳು ಇಂಡಿಕೇಟರ್ ಹಾಕಿದಳು. ಒಮ್ಮೊಮ್ಮೆ ಬೆರಳು ಜಾರಿ ಟ್ರಿಗರ್ ಮೇಲೂ ಹೋಯಿತು. ಜಾರಿತೋ, ಜಾರಿಸಿದಳೋ ದೇವರಿಗೇ ಗೊತ್ತು. ಆಗ ನನಗೆ ಎರಡು ಚಕ್ರಗಳಿಗೂ ಮೋಟಾರಿನ ಓಟ ಹಂಚುವ ಡಿಫರೆನ್ಷಿಯಲ್ ಗೇರು ಅಂದರೆ ಏನು ಅಂತ ಮೈಯಿಂದಲೇ ಅರ್ಥವಾಯಿತು. ನಾನು ಹಿಂದಕ್ಕೆ ಒರಗಿ ಬಲಗಡೆಯ ಚಕ್ರವನ್ನು ಬೆನ್ನಿನಿಂದ ಒತ್ತಿ ನಿಲ್ಲಿಸಿದರೆ, ಅದರ ಪಾಲಿನ ಓಟವನ್ನೂ ಎಡಗಡೆಯದು ತಗೊಂಡು ಎರಡರಷ್ಟು ವೇಗದಲ್ಲಿ ಗಿರಗಿರ ತಿರುಗುತ್ತದೆ. ಎಡಗಡೆಯದನ್ನು ಒತ್ತಿದರೆ ಬಲಗಡೆಯದು. ಎರಡನ್ನೂ ಒತ್ತಿದರೆ ಮೋಟಾರ್ ಕುಂಯ್‌ಗುಡುತ್ತದೆ. ಮೋಟಾರ್ ಸುಟ್ಟರೆ ಅನ್ನುವ ಭಯಕ್ಕೆ ನಾನೇ ಮುಂದಕ್ಕೆ ಬಗ್ಗಿ ಬೆನ್ನು ಬಿಟ್ಟುಕೊಡಬೇಕು.

ಮನೆ ಮುಟ್ಟಿದಾಗ ಇಳಿಯುವುದಕ್ಕೂ ಮುಂದಿನಿಂದಲೇ ಕಾಲು ಎತ್ತಬೇಕಾಯಿತು. ಬೆಲ್ಲು ಮತ್ತೆ ಟ್ರಿಣ್ ಎಂದಿತು. ಆ ಸದ್ದಿಗೆ ಹೊರಗೆ ಬಂದ ಹೆಂಡತಿ ಕೊರಳ ಸರಪಳಿ, ಬೆನ್ನ ಮೇಲಿನ ಟೈರಿನ ಗುರುತು ಎರಡನ್ನೂ ನೋಡಿ, "ಏನ್ರೀ, ಯಾವ ಗಾಡಿ ಹತ್ತಿಸ್ತು?" ಎಂದಳು. ತಂದದ್ದೇ, ಎಂದು ತೋರಿಸಿದೆ.

ಟ್ಯೂಬು ಬಿಚ್ಚಿ, ಬಾಡಿ ಕೂರಿಸಿ, ಕ್ಲಿಪ್ಪು ಸಿಕ್ಕಿಸಿ ಗಾಡಿಯನ್ನು ನೆಲಕ್ಕಿಟ್ಟೆವು. ಮಗಳು ಟ್ರಿಗರ್ ಒತ್ತಿದಳು. ಗಾಡಿ ಗತ್ತಿನಿಂದ ಮೂತಿ ಎತ್ತಿತು, ನಾಲ್ಕು ಹೆಜ್ಜೆಯಷ್ಟು ದೂರ ಹೋಯಿತು, ನಿಂತಿತು. ಬ್ಯಾಟರಿ ಖಾಲಿ. ಇದ್ದಬದ್ದ ಚಾರ್ಜೆಲ್ಲ ನನ್ನ ಬೆನ್ನು ಹತ್ತುವುದಕ್ಕೇ ಖರ್ಚಾಗಿತ್ತು.

"ಚಾರ್ಜರ್ ಎಲ್ಲಿ?" ಎಂದಳು ಹೆಂಡತಿ.

ಫೋನ್ ಮಾಡಿ ಕೇಳಿದರೆ ಹಳೆಯ ಮಾಲೀಕರು ನಕ್ಕರು. ಚಾರ್ಜರ್ ಥರ್ಮಾಕೋಲಿನ ಅಚ್ಚಿನೊಳಗೆ, ಅದಕ್ಕೇ ಅಂತ ಇದ್ದ ಗುಳಿಯಲ್ಲಿ, ಭದ್ರವಾಗಿ ಅವರ ಜಗಲಿಯ ಮೇಲಿತ್ತು. "ಥರ್ಮಾಕೋಲೂ ತಗೊಂಡು ಹೋಗಿಬಿಡಿ ಸಾರ್, ಅದಿದ್ರೇನೇ ಬಾಕ್ಸ್‌ಗೆ ಬೆಲೆ" ಎಂದರು.

ಮಗಳು ಹೆಲ್ಮೆಟ್ ತೆಗೆದೇ ಇರಲಿಲ್ಲ. "ನಡಿ ಅಪ್ಪ" ಎಂದು ಸೈಕಲ್ ತಿರುಗಿಸಿದಳು.